ಸಿಹಿ ತಿಂದಿದ್ದಕ್ಕೆ ಬಂದ ಕಾಯಿಲೆ ಅಲ್ಲ ಇದು: ಮಗುವಿನ ಜೀವಕೋಶದಲ್ಲಿ ಸಕ್ಕರೆ ಸರಪಳಿ ಕೂಡಿಬೀಳೋದು ಯಾಕೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಎಲ್ಲೇ ಇರಿ, ಇವತ್ತು ಒಂದು ಕಾಲು ಗಂಟೆ ಕೊಡಿ.

ಎರಡು ವಾರದ ಹಿಂದೆ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. ಅವರನ್ನ ಕೇಳಿಯೇ ಇಲ್ಲಿ ಹೇಳ್ತಿದ್ದೀನಿ, ಹೆಸರು, ಊರು ಬೇಡ. ಅವರ ಅಕ್ಕನ ಮಗನಿಗೆ ಈಗ ಒಂದು ವರ್ಷ ಎರಡು ತಿಂಗಳು. ಹುಟ್ಟಿದಾಗ ಚೆನ್ನಾಗೇ ಇದ್ದ. ಆಮೇಲೆ ಹೊಕ್ಕುಳ ಹತ್ರ ಉಬ್ಬಿತು, ಹರ್ನಿಯಾ ಅಂದ್ರು. ಶೀತ ಬಿಡ್ತಾನೇ ಇರಲಿಲ್ಲ, ಕಿವಿ ಸೋರ್ತಿತ್ತು. ಕೂರಿಸಿದ್ರೆ ಬೆನ್ನು ಗೂನಾಗಿ ಕಾಣ್ತಿತ್ತು. ಮೂರ್ನಾಲ್ಕು ಡಾಕ್ಟರ್ ಸುತ್ತಿದ ಮೇಲೆ ಒಬ್ಬರು ಹೇಳಿದ್ರು: "ಇದು ಹರ್ಲರ್ ಸಿಂಡ್ರೋಮ್. ಜೀವಕೋಶಗಳಲ್ಲಿ ಸಕ್ಕರೆ ಅಣುಗಳು ಕೂಡಿಬೀಳ್ತಿವೆ."

ಮನೆಗೆ ತಲುಪಿದ್ದು 'ಸಕ್ಕರೆ' ಅನ್ನೋ ಒಂದೇ ಮಾತು. ಅಜ್ಜಿ ಮಗುಗೆ ಸಿಹಿ ಕೊಡೋದನ್ನೇ ನಿಲ್ಲಿಸಿದ್ರು. ಯುಗಾದಿ ದಿನ ಒಂದು ಚೂರು ಹೋಳಿಗೆ ಕೂಡ ಬಾಯಿಗಿಡಲಿಲ್ಲ. ಅತ್ತೆಯವರದು ಇನ್ನೊಂದು ಮಾತು: "ಬಸುರೀಲಿ ನೀನು ಸಿಹಿ ಜಾಸ್ತಿ ತಿಂದೆ, ಅದಕ್ಕೇ ಹೀಗಾಯ್ತು." ಆ ತಾಯಿ ದಿನಾ ಅಳ್ತಾಳಂತೆ. ತಮ್ಮ ಕೊನೆಗೆ ಕೇಳಿದ್ದು ಇಷ್ಟೇ: "ಬ್ರೋ, ಇದನ್ನ ಕನ್ನಡದಲ್ಲಿ ಬಿಡಿಸಿ ಹೇಳಿ. ನಾನು ಫ್ಯಾಮಿಲಿ ಗ್ರೂಪಿಗೆ ಹಾಕ್ತೀನಿ."

ನಾನು ಡಾಕ್ಟರ್ ಅಲ್ಲ, ಬಿಕಾಂ ಮಾಡಿದವನು. ಓದಿ ಅರ್ಥ ಮಾಡ್ಕೊಂಡಿದ್ದನ್ನ ಹೇಳ್ತೀನಿ. ಚಿಕಿತ್ಸೆಯ ತೀರ್ಮಾನ ಏನಿದ್ರೂ ಮಗುವನ್ನ ನೋಡೋ ಡಾಕ್ಟರ್ ಜೊತೆ ಕೂತು ಮಾಡುವಂಥದ್ದು. ಆದ್ರೆ ಅಜ್ಜಿಗೂ ಅತ್ತೆಗೂ ಉತ್ತರ ಕೊಡೋಕೆ ಡಾಕ್ಟರೇ ಆಗಬೇಕಿಲ್ಲ.

ಯಾವ ಸಕ್ಕರೆ ಇದು?

ಸಕ್ಕರೆ ಅಂದ ತಕ್ಷಣ ನಮಗೆ ನೆನಪಾಗೋದು ಎರಡು. ಒಂದು ಕಾಫಿಗೆ ಹಾಕೋದು, ಇನ್ನೊಂದು 'ಶುಗರ್ ಇದೆ' ಅಂತೀವಲ್ಲ, ಆ ಡಯಾಬಿಟಿಸ್. ಈ ಕಾಯಿಲೆಗೂ ಆ ಎರಡಕ್ಕೂ ಸಂಬಂಧ ಇಲ್ಲ. ಈ ಮಗುವಿನ ರಕ್ತ ಪರೀಕ್ಷೆ ಮಾಡಿದ್ರೆ ಗ್ಲೂಕೋಸ್ ಮಾಮೂಲಿಯಾಗೇ ಇರುತ್ತೆ.

ವಿಜ್ಞಾನದಲ್ಲಿ ಸಕ್ಕರೆ ಅನ್ನೋದು ಒಂದು ದೊಡ್ಡ ಕುಟುಂಬದ ಹೆಸರು. ನೀವು ಹಾಕ್ಕೊಂಡಿರೋ ಕಾಟನ್ ಶರ್ಟ್ ಇದೆಯಲ್ಲ, ಆ ಹತ್ತಿಯ ನೂಲು ಕೂಡ ಗ್ಲೂಕೋಸ್ ಅಣುಗಳನ್ನ ಉದ್ದಕ್ಕೆ ಪೋಣಿಸಿದ ಸರಪಳಿನೇ. ನೆಕ್ಕಿದ್ರೆ ಸಿಹಿ ಇರಲ್ಲ. ಅಂದ್ರೆ ಸಕ್ಕರೆ ಅಣುಗಳು ಬರೀ ಇಂಧನ ಅಲ್ಲ, ಕಟ್ಟಡದ ಸಾಮಾನು ಕೂಡ.

ನಮ್ಮ ದೇಹದಲ್ಲೂ ಹೀಗೇ. ಜೀವಕೋಶಗಳ ನಡುವಿನ ಜಾಗ, ಮೂಳೆ ತುದಿಯ ಮೃದ್ವಸ್ಥಿ, ಚರ್ಮ, ಹೃದಯದ ಕವಾಟ, ಕಣ್ಣಿನ ಮುಂದಿನ ಪಾರದರ್ಶಕ ಪೊರೆ, ಇಲ್ಲೆಲ್ಲ ಉದ್ದುದ್ದ ಸಕ್ಕರೆ ಸರಪಳಿಗಳಿವೆ. ಅವಕ್ಕೆ ಗ್ಲೈಕೋಸಾಮಿನೋಗ್ಲೈಕಾನ್ ಅಂತ ಹೆಸರು. ಬಾಯಿಗೆ ಕಷ್ಟ, ನಾವು 'ಗ್ಯಾಗ್' ಅಂದುಬಿಡೋಣ, ಸಂಶೋಧಕರೂ ಹಾಗೇ ಅಂತಾರೆ. ನೀರನ್ನ ಹಿಡಿದಿಟ್ಟುಕೊಂಡು ಅಂಗಾಂಶಕ್ಕೆ ಮೆತ್ತನೆಯ ಒತ್ತು ಕೊಡೋದು ಇವುಗಳ ಕೆಲಸ.

ಇವನ್ನ ದೇಹ ತಾನೇ ತಯಾರಿಸಿಕೊಳ್ಳುತ್ತೆ. ನೀವು ತಿಂದಿದ್ದು ಹೋಳಿಗೆ ಆದ್ರೂ ಸರಿ, ರಾಗಿ ಮುದ್ದೆ ಆದ್ರೂ ಸರಿ. ಸಿಹಿ ನಿಲ್ಲಿಸಿದ್ರೆ ಈ ಸರಪಳಿ ತಯಾರಾಗೋದು ನಿಲ್ಲಲ್ಲ. ನಿಲ್ಲಲೂಬಾರದು, ಅದು ದೇಹಕ್ಕೆ ಬೇಕು. ಹಾಗಾಗಿ ಅಜ್ಜಿಗೆ ಮೊದಲ ಉತ್ತರ: ಕೂಡಿಬೀಳ್ತಿರೋದು ಹೊರಗಿಂದ ಬಂದ ಸಕ್ಕರೆ ಅಲ್ಲ.

ಕೋಶದೊಳಗಿನ ಗುಜರಿ ಅಂಗಡಿ

ಹಾಗಾದ್ರೆ ಸಮಸ್ಯೆ ಎಲ್ಲಿ? ತಯಾರಿಕೆಯಲ್ಲಿ ಅಲ್ಲ, ವಿಲೇವಾರಿಯಲ್ಲಿ.

ದೇಹ ಹಳೆಯ ಗ್ಯಾಗ್ ಸರಪಳಿಗಳನ್ನ ತೆಗೆದು ಹೊಸದನ್ನ ಹಾಕ್ತಾನೇ ಇರುತ್ತೆ. ಹಳೇದನ್ನ ಒಡೆಯೋಕೆ ಬಹುತೇಕ ಎಲ್ಲ ಜೀವಕೋಶಗಳೊಳಗೂ ಸಣ್ಣ ಸಣ್ಣ ಚೀಲಗಳಿವೆ. ಅವೇ ಲೈಸೋಸೋಮ್. ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್ 1955ರಲ್ಲಿ ಇದಕ್ಕೆ ಹೆಸರಿಟ್ಟರು. 1974ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು.

ಲೈಸೋಸೋಮನ್ನ ಕಸದ ತೊಟ್ಟಿ ಅನ್ನೋರಿದ್ದಾರೆ. ನನಗೆ ಗುಜರಿ ಅಂಗಡಿ ಅನ್ನೋದು ಸರಿ ಅನ್ಸುತ್ತೆ. ಗುಜರಿಯವರು ಹಳೇ ಸಾಮಾನು ತಗೊಂಡು, ಬಿಚ್ಚಿ, ಕಬ್ಬಿಣ ಬೇರೆ, ತಾಮ್ರ ಬೇರೆ ಮಾಡಿ ಮತ್ತೆ ಮಾರ್ತಾರೆ. ಲೈಸೋಸೋಮ್ ಕೂಡ ಸರಪಳಿ ಬಿಚ್ಚಿ, ಬಿಡಿ ಸಕ್ಕರೆ ಅಣುಗಳನ್ನ ಮರುಬಳಕೆಗೆ ಹೊರಗೆ ಕೊಡುತ್ತೆ.

ಬಿಚ್ಚೋರು ಯಾರು? ಕಿಣ್ವಗಳು, ಅಂದ್ರೆ ಎನ್‌ಜೈಮ್‌ಗಳು. ಇಲ್ಲೊಂದು ಮುಖ್ಯ ವಿಷಯ ಇದೆ, ಗಮನ ಕೊಡಿ. ಕಟ್ಟಿದ ಮಲ್ಲಿಗೆ ಮಾಲೆ ತಗೊಳ್ಳಿ. ಅದನ್ನ ತುದಿಯಿಂದ ಒಂದೊಂದೇ ಗಂಟು ಬಿಚ್ಚುತ್ತಾ ಬರಬೇಕು ಅಂದುಕೊಳ್ಳಿ. ಗ್ಯಾಗ್ ಸರಪಳಿಯಲ್ಲಿ ಗಂಟುಗಳು ಒಂದೇ ಥರ ಇಲ್ಲ, ಒಂದೊಂದು ಥರದ ಗಂಟು ಬಿಚ್ಚೋಕೆ ಒಂದೊಂದು ಕಿಣ್ವ. ಮೊದಲನೆಯವನು ತನ್ನ ಗಂಟು ಬಿಚ್ಚಿದ ಮೇಲೇ ಎರಡನೆಯವನಿಗೆ ಕೆಲಸ. ಮಧ್ಯೆ ಒಬ್ಬ ಬರಲಿಲ್ಲ ಅಂದ್ರೆ? ಉಳಿದವರೆಲ್ಲ ಹಾಜರಿದ್ದರೂ ಕೈಕಟ್ಟಿ ನಿಲ್ಲಬೇಕು. ಮಾಲೆ ಅಲ್ಲಿಗೇ ನಿಂತುಹೋಗುತ್ತೆ.

ಹರ್ಲರ್ ಸಿಂಡ್ರೋಮ್‌ನಲ್ಲಿ ಬಾರದವನ ಹೆಸರು ಆಲ್ಫಾ-ಎಲ್-ಇಡ್ಯುರೊನಿಡೇಸ್. ಆ ಕಿಣ್ವ ಇಲ್ಲದೆ ಡರ್ಮಟಾನ್ ಸಲ್ಫೇಟ್, ಹೆಪರಾನ್ ಸಲ್ಫೇಟ್ ಅನ್ನೋ ಎರಡು ಬಗೆಯ ಸರಪಳಿ ಅರ್ಧಕ್ಕೇ ನಿಲ್ಲುತ್ತವೆ. ಅಂಗಡಿಗೆ ಮಾಲು ಬರ್ತಾನೇ ಇದೆ, ಹೊರಗೆ ಹೋಗ್ತಿಲ್ಲ. ಚೀಲ ಉಬ್ಬುತ್ತೆ, ಕೋಶ ಉಬ್ಬುತ್ತೆ, ಅಂಗ ಉಬ್ಬುತ್ತೆ.

ಹುಟ್ಟಿದಾಗ ಮಗು ಚೆನ್ನಾಗಿತ್ತು ಅಂದ್ರಲ್ಲ, ಅದಕ್ಕೆ ಕಾರಣ ಇದೇ. ಗೋದಾಮು ತುಂಬೋಕೆ ಟೈಮ್ ಬೇಕು. ತುಂಬುತ್ತಾ ಹೋದ ಹಾಗೆ ಒಂದೊಂದೇ ಕಾಣಿಸ್ಕೊಳ್ಳುತ್ತೆ. ಯಕೃತ್ತು, ಗುಲ್ಮ ದೊಡ್ಡದಾಗಿ ಹೊಟ್ಟೆ ಮುಂದೆ ಬರುತ್ತೆ. ಹೊಕ್ಕುಳು ಅಥವಾ ತೊಡೆಸಂದಿಯಲ್ಲಿ ಹರ್ನಿಯಾ. ಮೂಗು, ಗಂಟಲಿನ ಅಂಗಾಂಶ ದಪ್ಪಗಾಗಿ ಸದಾ ಶೀತ, ಗೊರಕೆ, ಕಿವಿ ಸೋಂಕು. ಬೆನ್ನಲ್ಲಿ ಗೂನು. ಕೀಲುಗಳು ಬಿಗಿ. ಕಣ್ಣಿನ ಮುಂದಿನ ಪೊರೆ ಮಬ್ಬಾಗುತ್ತೆ. ಹೃದಯದ ಕವಾಟ ದಪ್ಪಗಾಗುತ್ತೆ. ಮುಖಚಹರೆ ನಿಧಾನಕ್ಕೆ ಬದಲಾಗುತ್ತೆ. ಹರ್ಲರ್‌ನಲ್ಲಿ ಮಿದುಳಿಗೂ ಏಟು ಬೀಳುತ್ತೆ, ಕಲಿತ ಮಾತು, ಆಟ ಹಿಂದಕ್ಕೆ ಹೋಗುತ್ತೆ. ಚಿಕಿತ್ಸೆ ಸಿಗದಿದ್ರೆ ಹೆಚ್ಚಿನ ಮಕ್ಕಳು ಹತ್ತನೇ ವರ್ಷ ನೋಡಲ್ಲ. ಇದನ್ನ ಮುಚ್ಚಿಟ್ಟು ಹೇಳೋದ್ರಲ್ಲಿ ಅರ್ಥ ಇಲ್ಲ.

ಒಂದೊಂದು ಕಿಣ್ವ ಕೈಕೊಟ್ಟಾಗ ಒಂದೊಂದು ಕಾಯಿಲೆ. ಇಡೀ ಗುಂಪಿಗೆ ಮ್ಯೂಕೋಪಾಲಿಸ್ಯಾಕರಿಡೋಸಿಸ್, ಚಿಕ್ಕದಾಗಿ ಎಂಪಿಎಸ್ ಅಂತಾರೆ. ಹರ್ಲರ್ ಅನ್ನೋದು ಎಂಪಿಎಸ್ ಒಂದರ ತೀವ್ರ ರೂಪ. ಎಂಪಿಎಸ್ ಒಂದು ಸುಮಾರು 1 ಲಕ್ಷ ಹೆರಿಗೆಗೆ 1ರಂತೆ ಕಾಣಿಸ್ಕೊಳ್ಳುತ್ತೆ ಅನ್ನೋದು ಸಾಮಾನ್ಯವಾಗಿ ಕೊಡೋ ಅಂದಾಜು.

ಎರಡು ಕೆಟ್ಟ ಕೋಶ ಸೇರಿದ್ರೆ ಸರಿಯಾದ ಕಥೆ

ಈಗ ನನಗೆ ತುಂಬಾ ಇಷ್ಟವಾದ ಭಾಗ. 1917ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಚಾರ್ಲ್ಸ್ ಹಂಟರ್ ಅನ್ನೋ ಡಾಕ್ಟರ್ ಇಬ್ಬರು ಅಣ್ಣತಮ್ಮಂದಿರಲ್ಲಿ ಒಂದೇ ಥರದ ವಿಚಿತ್ರ ಕಾಯಿಲೆ ಇರೋದನ್ನ ಬರೆದರು. 1919ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಗರ್ಟ್ರುಡ್ ಹರ್ಲರ್ ಅನ್ನೋ ಮಕ್ಕಳ ವೈದ್ಯೆ ಇನ್ನೂ ತೀವ್ರವಾದ ರೂಪದ ಬಗ್ಗೆ ಬರೆದರು. ಅವರಿಬ್ಬರ ಹೆಸರೇ ಈ ಎರಡು ಕಾಯಿಲೆಗೆ ನಿಂತಿತು. ಆಮೇಲೆ ಸುಮಾರು ಐವತ್ತು ವರ್ಷ ಕಾರಣ ಏನು ಅಂತ ಗೊತ್ತಾಗಲಿಲ್ಲ. ಮಧ್ಯೆ ಇಂಗ್ಲಿಷ್ ವೈದ್ಯಕೀಯ ಪುಸ್ತಕಗಳು ಈ ಮಕ್ಕಳ ಮುಖವನ್ನ ಚರ್ಚ್ ಗೋಡೆಯ ವಿಕಾರ ಕಲ್ಲುಗೊಂಬೆಗಳಿಗೆ ಹೋಲಿಸಿ 'ಗಾರ್ಗಾಯ್ಲಿಸಂ' ಅಂತ ಕೂಡ ಕರೆದವು. ಆ ಪದ ಈಗ ಬಳಕೆಯಲ್ಲಿಲ್ಲ, ಒಳ್ಳೇದೇ ಆಯ್ತು.

ಬಾಗಿಲು ತೆಗೆದಿದ್ದು ಎಲಿಜಬೆತ್ ನ್ಯೂಫೆಲ್ಡ್. ಪ್ಯಾರಿಸ್‌ನಲ್ಲಿ ಹುಟ್ಟಿ, ಎರಡನೇ ಮಹಾಯುದ್ಧದ ಹೊತ್ತಲ್ಲಿ ಅಮೆರಿಕಕ್ಕೆ ಬಂದ ನಿರಾಶ್ರಿತ ಕುಟುಂಬದ ಹೆಣ್ಣುಮಗಳು. ಮೊದಲು ಅಧ್ಯಯನ ಮಾಡ್ತಿದ್ದಿದ್ದು ಗಿಡಗಳ ಸಕ್ಕರೆ ಅಣುಗಳನ್ನ. ಆಮೇಲೆ ಅಮೆರಿಕದ ಬೆಥೆಸ್ಡಾದಲ್ಲಿರೋ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಈ ಕಾಯಿಲೆಯ ಕಡೆ ತಿರುಗಿದರು. ಜೋಸೆಫ್ ಫ್ರಾಟಂಟೋನಿ, ಕ್ಲಾರಾ ಹಾಲ್ ಜೊತೆಗಾರರು. ರೋಗಿಗಳ ಚರ್ಮದ ಕೋಶಗಳನ್ನ ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡಿದ್ರೆ, ಸರಪಳಿ ಅತಿಯಾಗಿ ತಯಾರಾಗ್ತಿರಲಿಲ್ಲ, ಒಡೆಯೋದು ನಿಂತಿತ್ತು.

ಆಮೇಲೆ ಹರ್ಲರ್ ರೋಗಿಯ ಕೋಶ, ಹಂಟರ್ ರೋಗಿಯ ಕೋಶ ಎರಡನ್ನೂ ಒಂದೇ ತಟ್ಟೆಯಲ್ಲಿ ಬೆರೆಸಿದರು. ಕೂಡಿಬೀಳೋದು ನಿಂತುಹೋಯ್ತು. ಎರಡೂ ಕೆಟ್ಟ ಕೋಶಗಳೇ, ಒಟ್ಟಿಗಿಟ್ಟರೆ ಎರಡೂ ಸರಿ! ಅಷ್ಟೇ ಅಲ್ಲ, ಒಂದು ಕೋಶ ಬೆಳೆದ ದ್ರವವನ್ನ ಮಾತ್ರ ಇನ್ನೊಂದಕ್ಕೆ ಹಾಕಿದ್ರೂ ಸಾಕಾಗ್ತಿತ್ತು. 1968ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಪ್ರಕಟವಾಯ್ತು.

ಏನಿದರ ಅರ್ಥ? ಇಬ್ಬರಲ್ಲಿ ಇಲ್ಲದಿರೋದು ಬೇರೆ ಬೇರೆ ಕಿಣ್ವ. ಒಬ್ಬರ ಮನೇಲಿ ಉಪ್ಪಿಲ್ಲ, ಪಕ್ಕದ ಮನೇಲಿ ಖಾರದಪುಡಿ ಇಲ್ಲ. ಬಾಗಿಲಲ್ಲಿ ಕೈಬದಲು ಮಾಡ್ಕೊಂಡ್ರೆ ಎರಡೂ ಮನೇಲಿ ಸಾರು ಆಗುತ್ತೆ. ಅಂದ್ರೆ ಕೋಶಗಳು ಕಿಣ್ವವನ್ನ ಸ್ವಲ್ಪ ಹೊರಗೆ ಬಿಡ್ತವೆ, ಪಕ್ಕದ ಕೋಶ ಅದನ್ನ ಒಳಗೆ ಎಳ್ಕೊಂಡು ತನ್ನ ಲೈಸೋಸೋಮಿಗೆ ಕಳಿಸುತ್ತೆ. ಆ ಕಿಣ್ವ ಸರಿಯಾದ ಜಾಗಕ್ಕೇ ಹೇಗೆ ಹೋಗುತ್ತೆ? ಅದರ ಮೇಲೊಂದು ಪಿನ್‌ಕೋಡ್ ಇರುತ್ತೆ. 1977ರಲ್ಲಿ ವಿಲಿಯಂ ಸ್ಲೈ ತಂಡ ಅದು ಮ್ಯಾನೋಸ್-6-ಫಾಸ್ಫೇಟ್ ಅಂತ ತೋರಿಸಿತು. ತಮಾಷೆ ನೋಡಿ, ಆ ಪಿನ್‌ಕೋಡ್ ಕೂಡ ಒಂದು ಸಕ್ಕರೆ ಅಣುನೇ.

ಹೊರಗಿಂದ ಕಿಣ್ವ ಕೊಟ್ಟರೆ ಕೋಶ ತಗೊಳ್ಳುತ್ತೆ. ಈಗಿರೋ ಎಲ್ಲ ಮುಖ್ಯ ಚಿಕಿತ್ಸೆಯ ಬುನಾದಿ ಈ ಒಂದು ಸಾಲು.

ತಪ್ಪು ಯಾರದ್ದು?

ಈಗ ಅತ್ತೆಯವರ ಮಾತಿಗೆ ಬರೋಣ. ಹೆಚ್ಚಿನ ಜೀನ್‌ಗಳಿಗೆ ನಮ್ಮಲ್ಲಿ ಎರಡು ಪ್ರತಿ, ಒಂದು ಅಮ್ಮನಿಂದ, ಒಂದು ಅಪ್ಪನಿಂದ. ಇಡ್ಯುರೊನಿಡೇಸ್ ಕಿಣ್ವದ ಜೀನ್ ಇರೋದು 4ನೇ ವರ್ಣತಂತುವಿನಲ್ಲಿ. ಒಂದು ಪ್ರತಿ ಕೆಟ್ಟಿದ್ರೂ ಇನ್ನೊಂದು ಕೆಲಸ ನಡೆಸುತ್ತೆ, ಆ ಮನುಷ್ಯನಿಗೆ ಏನೂ ಆಗಲ್ಲ, ಗೊತ್ತೂ ಆಗಲ್ಲ. ಅವರನ್ನ ವಾಹಕರು ಅಂತಾರೆ. ಅಪ್ಪ, ಅಮ್ಮ ಇಬ್ಬರೂ ವಾಹಕರಾಗಿದ್ದು, ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದಾಗ ಮಾತ್ರ ಮಗುಗೆ ಕಾಯಿಲೆ. ಪ್ರತಿ ಬಸುರಿನಲ್ಲೂ ಆ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುಗೆ ಬಂತು, ಇನ್ನು ಮೂರು ಮಕ್ಕಳು ಸೇಫ್ ಅಂತಲ್ಲ, ಪ್ರತಿ ಸಲ ಹೊಸ ಲೆಕ್ಕ.

ಅಂದ್ರೆ ತೀರ್ಮಾನ ಆಗಿದ್ದು ಗರ್ಭ ಕಟ್ಟಿದ ಕ್ಷಣದಲ್ಲಿ. ಆಮೇಲೆ ಆ ತಾಯಿ ಜಾಮೂನು ತಿಂದ್ರೂ, ಉಪವಾಸ ಮಾಡಿದ್ರೂ, ಗ್ರಹಣ ನೋಡಿದ್ರೂ ಬದಲಾಗ್ತಿರಲಿಲ್ಲ. ಅತ್ತೆಯವರು ಒಂದು ವಿಷಯ ಮರೀತಿದ್ದಾರೆ, ಒಂದು ಪ್ರತಿ ಅವರ ಮಗನಿಂದಲೂ ಬಂದಿದೆ. ಹಾಗಂತ ಅವನನ್ನ ಬೈಯೋದಲ್ಲ. ಇಲ್ಲಿ ಅಪರಾಧಿನೇ ಇಲ್ಲ ಅಂತ ಹೇಳ್ತಿದ್ದೀನಿ.

ಹಂಟರ್ ಮಾತ್ರ ಬೇರೆ. ಅದರ ಜೀನ್ ಎಕ್ಸ್ ವರ್ಣತಂತುವಿನಲ್ಲಿರೋದ್ರಿಂದ ಹೆಚ್ಚುಕಮ್ಮಿ ಗಂಡುಮಕ್ಕಳಿಗೇ ಬರುತ್ತೆ.

ಒಂದು ಮಾತು ನಮ್ಮ ಕಡೆಯವರಿಗೆ. ಸೋದರಮಾವನಿಗೆ, ಅತ್ತೆ ಮಗನಿಗೆ ಕೊಡೋದು ಇಲ್ಲಿ ಹೊಸದಲ್ಲ. ಒಂದೇ ಅಜ್ಜ-ಅಜ್ಜಿಯಿಂದ ಬಂದವರಲ್ಲಿ ಒಂದೇ ಕೆಟ್ಟ ಪ್ರತಿ ಇರೋ ಸಾಧ್ಯತೆ ಜಾಸ್ತಿ, ಹಾಗಾಗಿ ಇಂಥ ಕಾಯಿಲೆಯ ಸಾಧ್ಯತೆಯೂ ಜಾಸ್ತಿ. ಸಂಬಂಧದಲ್ಲಿ ಮದುವೆ ಆಗದವರಿಗೂ ಬರಬಹುದು. ಆದ್ರೆ ಕುಟುಂಬದಲ್ಲಿ ಈಗಾಗಲೇ ಇಂಥ ಮಗು ಇದ್ರೆ ಜೆನೆಟಿಕ್ ಕೌನ್ಸೆಲಿಂಗ್ ಬಿಡಲೇಬೇಡಿ. ಮನೆಯ ಕೆಟ್ಟ ಪ್ರತಿ ಯಾವುದು ಅಂತ ಗೊತ್ತಿದ್ರೆ ಮುಂದಿನ ಬಸುರಿನಲ್ಲಿ ಮೂರನೇ ತಿಂಗಳ ಹೊತ್ತಿಗೇ ಪರೀಕ್ಷೆ ಮಾಡಬಹುದು.

ಪ್ಯಾಕೆಟ್ ಮೊಸರು, ಮನೆಯ ಹೆಪ್ಪು

ಚಿಕಿತ್ಸೆ ಮುಖ್ಯವಾಗಿ ಎರಡು ಥರ.

ಮೊದಲನೆಯದು, ಕಿಣ್ವವನ್ನೇ ತಯಾರಿಸಿ ಡ್ರಿಪ್ ಮೂಲಕ ಕೊಡೋದು. ಎಂಪಿಎಸ್ ಒಂದಕ್ಕೆ ಲಾರೊನಿಡೇಸ್ ಅನ್ನೋ ಔಷಧಿಗೆ ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಸಿಕ್ಕಿತು. ಹಂಟರ್‌ಗೆ ಇಡುರ್ಸಲ್ಫೇಸ್, 2006ರಲ್ಲಿ. ಇದು ಪ್ಯಾಕೆಟ್ ಮೊಸರು ತಂದ ಹಾಗೆ. ಖಾಲಿ ಆಗುತ್ತೆ, ಮತ್ತೆ ತರಬೇಕು. ವಾರಕ್ಕೊಂದು ಸಲ, ಕೆಲವು ಗಂಟೆ ಆಸ್ಪತ್ರೆಯಲ್ಲಿ, ಜೀವನಪೂರ್ತಿ. ಯಕೃತ್ತು, ಗುಲ್ಮ ಕುಗ್ಗುತ್ತೆ, ಉಸಿರಾಟ, ನಡಿಗೆ ಸುಧಾರಿಸುತ್ತೆ. ಆದ್ರೆ ರಕ್ತದಿಂದ ಮಿದುಳಿಗೆ ಏನೇನು ಹೋಗಬೇಕು ಅಂತ ತಡೆದು ನಿಲ್ಲಿಸೋ ಗೋಡೆ ಒಂದಿದೆ. ಈ ದೊಡ್ಡ ಅಣು ಅದನ್ನ ದಾಟಲ್ಲ. ಮಿದುಳಿಗೆ ಇದರಿಂದ ರಕ್ಷಣೆ ಇಲ್ಲ.

ಎರಡನೆಯದು, ಹೆಪ್ಪು ಹಾಕೋದು. ಅಂದ್ರೆ ಆರೋಗ್ಯವಂತ ದಾನಿಯ ರಕ್ತ ಉತ್ಪಾದಿಸೋ ಕಾಂಡಕೋಶಗಳ ಕಸಿ. ಈಗ ಕಿಣ್ವ ಒಳಗೇ ತಯಾರಾಗುತ್ತೆ. ಆ ಕೋಶಗಳ ಸಂತತಿ ಮಿದುಳಿನೊಳಗೂ ಹೋಗಿ ನೆಲೆಸಿ ಅಲ್ಲೇ ಕಿಣ್ವ ಬಿಡುತ್ತೆ. ಹರ್ಲರ್ ಮಗುಗೆ ಮೊದಲ ಕಸಿಯ ವರದಿ ಲಂಡನ್‌ನಿಂದ 1981ರಲ್ಲಿ ಬಂತು. ಕೆಟ್ಟಿರೋ ಮೂಳೆ, ಹೃದಯದ ಕವಾಟ, ಕಣ್ಣು ಇದರಿಂದಲೂ ಪೂರ್ತಿ ಸರಿಹೋಗಲ್ಲ. ಕಸಿಗೆ ಮುಂಚೆ ಕೊಡೋ ಕೀಮೋ, ಸೋಂಕು, ಕಸಿ ಹಿಡಿಯದೇ ಹೋಗೋದು, ಎಲ್ಲ ಅಪಾಯವೂ ಇದೆ. ಹಾಗಿದ್ರೂ ತೀವ್ರ ಹರ್ಲರ್‌ಗೆ ಇದೇ ಮೊದಲ ಆಯ್ಕೆ, ಯಾಕಂದ್ರೆ ಮಿದುಳು ಉಳಿಸೋದು ಇದೇ. ಒಂದೇ ಷರತ್ತು: ಬೇಗ ಆಗಬೇಕು, ಎರಡು ವರ್ಷ ತುಂಬೋದ್ರೊಳಗೆ. ಹೋದ ಬುದ್ಧಿಶಕ್ತಿಯನ್ನ ಕಸಿ ವಾಪಸ್ ತರಲ್ಲ, ಇರೋದನ್ನ ಕಾಪಾಡುತ್ತೆ.

ಹೊಸ ದಾರಿಗಳೂ ತೆರೀತಿವೆ. ಮಿದುಳಿನ ಗೋಡೆ ದಾಟೋ ಹಾಗೆ ಮಾರ್ಪಡಿಸಿದ ಹಂಟರ್ ಔಷಧಿಗೆ 2021ರಲ್ಲಿ ಜಪಾನ್ ಒಪ್ಪಿಗೆ ಕೊಟ್ಟಿದೆ. ಅದೇ ವರ್ಷ ಇಟಲಿಯ ಮಿಲಾನ್ ತಂಡ, 8 ಹರ್ಲರ್ ಮಕ್ಕಳಿಗೆ ಅವರದೇ ಕಾಂಡಕೋಶಕ್ಕೆ ಸರಿಯಾದ ಜೀನ್ ಸೇರಿಸಿ ವಾಪಸ್ ಹಾಕಿದ ಆರಂಭಿಕ ಫಲಿತಾಂಶ ಪ್ರಕಟಿಸಿತು. ಆಶಾದಾಯಕ, ಆದ್ರೆ ಇನ್ನೂ ಕಾಯಬೇಕು.

ಸ್ವಲ್ಪ ಲೆಕ್ಕ

ಇದು ನನ್ನ ಸಬ್ಜೆಕ್ಟ್. ಲಾರೊನಿಡೇಸ್ ಪ್ರಮಾಣ: ಪ್ರತಿ ಕಿಲೋ ತೂಕಕ್ಕೆ ವಾರಕ್ಕೆ 0.58 ಮಿಲಿಗ್ರಾಂ. ಒಂದು ಬಾಟಲಿಯಲ್ಲಿ 2.9 ಮಿಲಿಗ್ರಾಂ. ಭಾಗಿಸಿ ನೋಡಿ, ಒಂದು ಬಾಟಲಿ 5 ಕಿಲೋ ತೂಕಕ್ಕೆ ಸಾಕು. 10 ಕಿಲೋ ಮಗುಗೆ ವಾರಕ್ಕೆ 2, ವರ್ಷಕ್ಕೆ 104 ಬಾಟಲಿ. ಮಗು 20 ಕಿಲೋ ಆದ್ರೆ 208. ಬೇರೆ ಅಪ್ಪ ಅಮ್ಮ ಮಗು ತೂಕ ಹೆಚ್ಚಿದ್ರೆ ಖುಷಿಪಡ್ತಾರೆ, ಇಲ್ಲಿ ಅದರ ಜೊತೆ ಬಿಲ್ಲೂ ಬೆಳೆಯುತ್ತೆ. ಸಾಮಾನ್ಯ ಸಂಬಳದ ಮನೆ ಇದನ್ನ ತನ್ನ ಜೇಬಿಂದ ನಡೆಸೋಕೆ ಆಗಲ್ಲ.

ಭಾರತದಲ್ಲಿ 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿ ಇದೆ. ಒಂದೇ ಸಲದ ಚಿಕಿತ್ಸೆಯಿಂದ ಗುಣ ಕಾಣಬಹುದಾದ ಕಾಯಿಲೆಗಳು ಮೊದಲ ಗುಂಪು. ಎರಡು ವರ್ಷದೊಳಗಿನ ತೀವ್ರ ಎಂಪಿಎಸ್ ಒಂದರ ಕಸಿ ಅದರಲ್ಲಿದೆ. ಜೀವನಪೂರ್ತಿ ದುಬಾರಿ ಔಷಧಿ ಬೇಕಾದವು ಮೂರನೇ ಗುಂಪು. 2022ರಲ್ಲಿ ಎಲ್ಲ ಗುಂಪುಗಳಿಗೂ ನೆರವಿನ ಮಿತಿಯನ್ನ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ಏರಿಸಿದರು. ದುಡ್ಡು ನಿಮ್ಮ ಖಾತೆಗೆ ಬರಲ್ಲ, ಗುರುತಿಸಿದ ಉತ್ಕೃಷ್ಟತಾ ಕೇಂದ್ರದ ಮೂಲಕ ಖರ್ಚಾಗುತ್ತೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ಅಂಥ ಕೇಂದ್ರ. ಮೊದಲು ಅಲ್ಲಿ ಹೆಸರು ನೋಂದಾಯಿಸಬೇಕು.

ಗಮನಿಸಿ: ಕಸಿ ಅಂದ್ರೆ ಒಂದು ದೊಡ್ಡ ಖರ್ಚು. ವಾರವಾರದ ಔಷಧಿ ಅಂದ್ರೆ ಮುಗಿಯದ ಕಂತು, ಅದಕ್ಕೆ 50 ಲಕ್ಷ ಅನ್ನೋದು ಮಿತಿ ಇರೋ ಮೊತ್ತ. ಬೇಗ ಪತ್ತೆ ಆದ್ರೆ ಮಗುಗೂ ಲಾಭ, ಲೆಕ್ಕಕ್ಕೂ ಲಾಭ. ಅಮೆರಿಕ 2016ರಲ್ಲೇ ಎಂಪಿಎಸ್ ಒಂದನ್ನ ನವಜಾತ ಶಿಶುಗಳ ತಪಾಸಣೆಯ ರಾಷ್ಟ್ರೀಯ ಶಿಫಾರಸು ಪಟ್ಟಿಗೆ ಸೇರಿಸಿದ್ದು ಇದೇ ಕಾರಣಕ್ಕೆ.

ಯಾವಾಗ ಅನುಮಾನ ಪಡಬೇಕು?

ಒಂದು ಹರ್ನಿಯಾ, ಒಂದು ಶೀತ, ಬಿಡಿಬಿಡಿಯಾಗಿ ಎಷ್ಟೋ ಮಕ್ಕಳಿಗೆ ಇರುತ್ತೆ. ಗಾಬರಿ ಬೇಡ. ಆದ್ರೆ ಎರಡು ಮೂರು ಒಟ್ಟಿಗೆ ಬಂದ್ರೆ, ಅಂದ್ರೆ ಹರ್ನಿಯಾ ಜೊತೆ ಬಿಡದ ಕಿವಿ ಸೋಂಕು, ಬೆನ್ನಿನ ಗೂನು, ಬಿಗಿಯಾದ ಕೀಲು, ದೊಡ್ಡ ಹೊಟ್ಟೆ, ಮಬ್ಬು ಕಣ್ಣು, ಆಗ ಡಾಕ್ಟರ್‌ಗೆ ನೇರವಾಗಿ ಕೇಳಿ: "ಇದು ಶೇಖರಣಾ ಕಾಯಿಲೆ ಇರಬಹುದಾ?" ಮೂತ್ರದಲ್ಲಿ ಗ್ಯಾಗ್ ಪ್ರಮಾಣ ನೋಡ್ತಾರೆ, ರಕ್ತದಲ್ಲಿ ಕಿಣ್ವ ಅಳೀತಾರೆ, ಆಮೇಲೆ ಜೀನ್ ಪರೀಕ್ಷೆ.

ಇನ್ನೊಂದು. ಈ ಮಕ್ಕಳಿಗೆ ಹರ್ನಿಯಾ ಆಪರೇಷನ್ ಅಂತ ಅರಿವಳಿಕೆ ಕೊಡೋಕೆ ಮುಂಚೆ ಕಾಯಿಲೆಯ ಹೆಸರನ್ನ ಆ ಡಾಕ್ಟರ್‌ಗೆ ಹೇಳಲೇಬೇಕು. ಗಂಟಲ ದಾರಿ ಕಿರಿದಾಗಿರುತ್ತೆ, ಕುತ್ತಿಗೆಯ ಮೂಳೆ ಸೂಕ್ಷ್ಮ ಆಗಿರಬಹುದು, ಉಸಿರಿನ ನಳಿಕೆ ಹಾಕೋದು ಕಷ್ಟ. ತಯಾರಿ ಇದ್ರೆ ಅಪಾಯ ತುಂಬಾ ಕಡಿಮೆ ಮಾಡಬಹುದು.

ವಾಯ್ಸ್ ನೋಟ್ ಕಳಿಸಿದ ಗೆಳೆಯ, ಈಗ ನಿಮಗೆ. ಗ್ರೂಪಿಗೆ ಹಾಕುವಾಗ ಇದಿಷ್ಟನ್ನ ಮೇಲೆ ಬರೀರಿ. ಅಜ್ಜಿಗೆ: ಡಾಕ್ಟರ್ ಬೇರೆ ಕಾರಣಕ್ಕೆ ಬೇಡ ಅಂದಿಲ್ಲದಿದ್ರೆ ಮಗುಗೆ ಹೋಳಿಗೆ ಕೊಡಿ, ಮೆತ್ತಗೆ ಹಾಲಲ್ಲಿ ಕಿವುಚಿ. ಅತ್ತೆಗೆ: ಸೊಸೆ ತಿಂದಿದ್ದರಿಂದ ಬಂದಿದ್ದಲ್ಲ. ಅಕ್ಕ-ಭಾವನಿಗೆ: ಮಗುಗೆ ಈಗ ಹದಿನಾಲ್ಕು ತಿಂಗಳು. ಇಪ್ಪತ್ನಾಲ್ಕಕ್ಕೆ ಇನ್ನು ಹತ್ತು. ಅದರೊಳಗೆ ದಾನಿ ಹುಡುಕಬೇಕು, ಅರ್ಜಿ ಹಾಕಬೇಕು, ತಯಾರಿ ಆಗಬೇಕು. ಯಾರ ತಪ್ಪು ಅಂತ ಜಗಳ ಆಡೋಕೆ ಇದರಲ್ಲಿ ಒಂದು ವಾರವೂ ಇಲ್ಲ. ಸೋಮವಾರ ಬೆಳಗ್ಗೆ ರಿಪೋರ್ಟ್ ಫೈಲ್ ಹಿಡ್ಕೊಂಡು ಹೊರಡಿ.

ಏನಾಯ್ತು ಅಂತ ಮತ್ತೆ ಒಂದು ವಾಯ್ಸ್ ನೋಟ್ ಕಳಿಸಿ. ಕಾಯ್ತಿರ್ತೀನಿ.